ಮೆಚ್ಚಿನ ಬೆವರುನಿರೋಧಕ ಕೈಕೊಟ್ಟಾಗ

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ. ತಿ. ನರಸೀಪುರದಿಂದ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೊರಟ ನೀವು ಕಿಕ್ಕಿರಿದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದೀರಿ. ಅಂಗಿಯ ಕಂಕುಳು ಆಗಲೇ ಒದ್ದೆ. ಪಕ್ಕದವರು ಮುಖ ಆಚೆ ತಿರುಗಿಸುತ್ತಾರೆ. ಎರಡು ವರ್ಷ ನಂಬಿ ಬಳಸಿದ ಅದೇ ಶೀಶೆಯನ್ನು ಇಂದೂ ಹಚ್ಚಿಕೊಂಡು ಬಂದಿದ್ದೀರಿ. ಹಾಗಾದರೆ ಅದು ಕೆಲಸ ನಿಲ್ಲಿಸಿದ್ದೇಕೆ? ಅಂಗಡಿಗೆ ಹೋಗಿ ಬೇರೊಂದನ್ನು ಕೊಳ್ಳುವ ಮೊದಲು ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿಯೋಣ.

ಬೆವರು ಬೇರೆ, ವಾಸನೆ ಬೇರೆ

ನಮ್ಮ ಚರ್ಮದಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅವು ಸುರಿಸುವ ನೀರು ಆವಿಯಾಗುವಾಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಗ್ರಾಂ ಬೆವರು ಆರಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಹಾಗೆಯೇ ಇಳಿಯುತ್ತದೆ. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಬಿಸಿನೀರಿನ ಆವಿಯ ನಡುವೆ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಂಕುಳಿನಲ್ಲಿ ಇನ್ನೊಂದು ಬಗೆಯ ಗ್ರಂಥಿಗಳೂ ಇವೆ. ಹರೆಯದಲ್ಲಿ ಚುರುಕಾಗುವ ಇವುಗಳ ಸ್ರಾವದಲ್ಲಿ ಪ್ರೋಟೀನು, ಕೊಬ್ಬು ಇರುತ್ತವೆ. ಹೊಸದಾಗಿ ಹೊರಬಂದಾಗ ಇದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಚರ್ಮದ ಮೇಲೆ ವಾಸಿಸುವ ಕೊರಿನೆಬ್ಯಾಕ್ಟೀರಿಯಂ, ಸ್ಟೆಫಿಲೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಅದನ್ನು ಒಡೆದಾಗ ಗಂಧಕವುಳ್ಳ ಸಂಯುಕ್ತಗಳು ಹುಟ್ಟಿ ನಾರುತ್ತವೆ.

ಆದ್ದರಿಂದ ಔಷಧವೂ ಎರಡು ಬಗೆ. ಡಿಯೋಡರೆಂಟ್ ಬ್ಯಾಕ್ಟೀರಿಯಗಳನ್ನು ತಗ್ಗಿಸುತ್ತದೆ ಇಲ್ಲವೆ ಸುಗಂಧದಿಂದ ವಾಸನೆಯನ್ನು ಮರೆಮಾಡುತ್ತದೆ, ಬೆವರನ್ನು ನಿಲ್ಲಿಸುವುದಿಲ್ಲ. ಆಂಟಿಪರ್ಸ್ಪಿರೆಂಟ್ ಎಂಬ ಬೆವರುನಿರೋಧಕವು ಬೆವರಿನ ದಾರಿಯನ್ನೇ ತಡೆಯುತ್ತದೆ. ಇದರ ಜೀವಾಳ ಅಲ್ಯೂಮಿನಿಯಂ ಲವಣ. ಬಣ್ಣದ ಡಬ್ಬಿಯ ಎಷ್ಟೋ ಬಾಡಿ ಸ್ಪ್ರೇಗಳಲ್ಲಿ ಈ ಲವಣ ಇರುವುದೇ ಇಲ್ಲ.

ಕಪಿಲೆಯ ನೀರು ಹೇಳುವ ಪಾಠ

ಈ ಲವಣ ಹೇಗೆ ಕೆಲಸ ಮಾಡುತ್ತದೆ? ಮಳೆಗಾಲದಲ್ಲಿ ಕಪಿಲೆಯ ನೀರು ಕೆಂಪಾದಾಗ ಒಂದು ಪ್ರಯೋಗ ಮಾಡಿ. ಎರಡು ಗಾಜಿನ ಲೋಟಗಳಲ್ಲಿ ಬಗ್ಗಡದ ನೀರು ತೆಗೆದುಕೊಳ್ಳಿ. ಒಂದರಲ್ಲಿ ಪಟಿಕದ ತುಂಡನ್ನು ಅರ್ಧ ನಿಮಿಷ ತಿರುಗಿಸಿ, ಒಂದು ಗಂಟೆ ಬಿಡಿ. ಆ ಲೋಟದಲ್ಲಿ ಮಣ್ಣು ಬೇಗ ತಳ ಸೇರಿ, ಮೇಲಿನ ನೀರು ತಿಳಿಯಾಗುತ್ತದೆ. (ತಿಳಿಯಾದ ನೀರಲ್ಲಿ ರೋಗಾಣು ಇರಬಹುದು, ಕುಡಿಯಬೇಡಿ.) ಪಟಿಕದಲ್ಲಿರುವ ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಲೋಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ; ಈ ಲೋಳೆ ಮಣ್ಣಿನ ಕಣಗಳನ್ನು ಹಿಡಿದು ಕೆಳಗೆಳೆಯುತ್ತದೆ.

ಕಂಕುಳಿನಲ್ಲಿ ನಡೆಯುವುದೂ ಇದೇ. ಲವಣವು ಬೆವರು ನಾಳದೊಳಗೆ ಇಳಿದು, ಅಲ್ಲಿನ ನೀರಿನೊಡನೆ ವರ್ತಿಸಿ, ಪ್ರೋಟೀನುಗಳನ್ನೂ ಸೇರಿಸಿಕೊಂಡು ಒಂದು ಸಣ್ಣ ಬಿರಡೆಯಾಗುತ್ತದೆ. ಚರ್ಮದ ಮೇಲ್ಪದರ ಸವೆದಂತೆ ಬಿರಡೆ ಕಳಚುತ್ತದೆ. ಕ್ಷೌರದಂಗಡಿಯ ಪಟಿಕದ ಗಟ್ಟಿಯೂ ಅಲ್ಯೂಮಿನಿಯಂ ಲವಣವೇ. ಅದು ಬ್ಯಾಕ್ಟೀರಿಯಗಳನ್ನು ಸ್ವಲ್ಪ ಹತ್ತಿಕ್ಕಿ ವಾಸನೆ ತಗ್ಗಿಸುತ್ತದೆ, ಬೆವರು ತಡೆಯುವುದರಲ್ಲಿ ಮಾತ್ರ ದುರ್ಬಲ.

ಕೈಕೊಟ್ಟದ್ದು ಯಾವುದು?

"ಮೈ ಅದಕ್ಕೆ ಒಗ್ಗಿಹೋಗಿದೆ" ಎಂದು ಹಲವರು ಹೇಳುತ್ತಾರೆ. ಆದರೆ ನಾಳಕ್ಕೆ ಬಿರಡೆ ಹಾಕುವುದು ಭೌತಿಕ ಕ್ರಿಯೆ. ಹಾಗಾಗಿ ಮೊದಲು ಬೇರೆ ಕಾರಣಗಳನ್ನು ಹುಡುಕುವುದು ಲೇಸು.

ಹಳೆಯ ಶೀಶೆ ಇದ್ದರೆ ಹೊಸದರ ಜೊತೆ ಇಟ್ಟು ಚೀಟಿ ಓದಿ. ಹೆಸರು ಅದೇ ಇದ್ದರೂ ಒಳಗಿನ ಸೂತ್ರ ಬದಲಾಗಿರಬಹುದು. ಇಲ್ಲವೆ ಅದೇ ಹೆಸರಿನ ಡಿಯೋಡರೆಂಟ್ ನಿಮ್ಮ ಕೈಗೆ ಬಂದಿರಬಹುದು. ಅಲ್ಯೂಮಿನಿಯಂ ಕ್ಲೋರೊಹೈಡ್ರೇಟ್, ಅಲ್ಯೂಮಿನಿಯಂ ಜಿರ್ಕೋನಿಯಂ ಅಥವಾ ಅಲ್ಯೂಮಿನಿಯಂ ಕ್ಲೋರೈಡ್ ಎಂಬ ಹೆಸರು ಕಂಡರೆ ಅದು ಬೆವರುನಿರೋಧಕ. ಪ್ರಮಾಣ ಎಷ್ಟೆಂದೂ ನೋಡಿ. ಅಮೆರಿಕದ ನಿಯಮದಂತೆ ಬೆವರು ಶೇ. 20ರಷ್ಟು ತಗ್ಗಿದರೂ ಅದನ್ನು ಬೆವರುನಿರೋಧಕವೆಂದು ಕರೆಯಬಹುದು. ಪೂರ್ತಿ ಒಣಗಿಸುತ್ತದೆಂದು ನಿರೀಕ್ಷಿಸಬೇಡಿ.

ಎರಡನೆಯದು ಹಚ್ಚುವ ಹೊತ್ತು. ಬೆಳಗ್ಗೆ ಸ್ನಾನ ಮಾಡಿ, ತೇವವಿರುವ ಕಂಕುಳಿಗೆ ಹಚ್ಚಿ ಬಸ್ಸಿಗೆ ಓಡಿದರೆ ಲವಣ ಮೇಲೆಯೇ ವರ್ತಿಸಿ ಬೆವರಿನೊಡನೆ ತೊಳೆದುಹೋಗುತ್ತದೆ. ರಾತ್ರಿ ಮಲಗುವಾಗ, ಬೆವರು ಕಡಿಮೆಯಿರುವಾಗ, ಚೆನ್ನಾಗಿ ಒರೆಸಿದ ಚರ್ಮಕ್ಕೆ ಹಚ್ಚಿ. ಬೆಳಗ್ಗೆ ಸ್ನಾನ ಮಾಡಿದರೂ ಒಳಗಿನ ಬಿರಡೆ ಉಳಿಯುತ್ತದೆ. ಒಂದು ವಾರ ಹೀಗೆ ಮಾಡಿ ನೋಡಿ. ಎಷ್ಟೋ ಬಾರಿ ಹಳೆಯ ಶೀಶೆಯೇ ಮತ್ತೆ ಕೆಲಸಕ್ಕೆ ಬರುತ್ತದೆ.

ಮೂರನೆಯದು ಅಂಗಿ. ಪಾಲಿಯೆಸ್ಟರ್ ಬಟ್ಟೆ ಹತ್ತಿಗಿಂತ ಹೆಚ್ಚು ವಾಸನೆ ಹಿಡಿದಿಡುತ್ತದೆ. ಒಗೆದ ಅಂಗಿ ಮೈ ಬಿಸಿಗೆ ಮತ್ತೆ ನಾರಿದರೆ ತಪ್ಪು ಅಂಗಿಯದು. ಕಂಕುಳಿನ ಭಾಗವನ್ನು ಸೋಪಿನಲ್ಲಿ ನೆನೆಸಿ, ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ.

ಇಷ್ಟಾದರೂ ಆಗದಿದ್ದರೆ ಲವಣ ಬದಲಿಸಿ. ಅಲ್ಯೂಮಿನಿಯಂ ಕ್ಲೋರೈಡ್ ಹೆಚ್ಚು ಬಲವಾದದ್ದು. ನೀರು ತಾಗಿದರೆ ಆಮ್ಲ ಹುಟ್ಟಿ ಚರ್ಮ ಉರಿಯುತ್ತದೆ. ಆದ್ದರಿಂದ ಕೂದಲು ತೆಗೆದ ದಿನ, ಗಾಯವಿದ್ದಾಗ ಹಚ್ಚಬಾರದು. ಮೂತ್ರಪಿಂಡದ ಕಾಯಿಲೆಯುಳ್ಳವರು ಯಾವುದೇ ಅಲ್ಯೂಮಿನಿಯಂ ಬೆವರುನಿರೋಧಕಕ್ಕೂ ಮೊದಲು ವೈದ್ಯರನ್ನು ಕೇಳಬೇಕು. ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಭಯ ವ್ಯಾಪಕವಾಗಿದೆ. ಇದುವರೆಗಿನ ಅಧ್ಯಯನಗಳಲ್ಲಿ ಅಂಥ ಸ್ಪಷ್ಟ ಸಂಬಂಧ ಕಂಡುಬಂದಿಲ್ಲ.

ಶೀಶೆಯ ತಪ್ಪಲ್ಲದಿದ್ದರೆ

ಎಲ್ಲ ಸರಿಯಿದ್ದೂ ಬೆವರು ದಿಢೀರನೆ ಹೆಚ್ಚಿದ್ದರೆ ಬದಲಾದದ್ದು ನಿಮ್ಮ ಮೈ ಇರಬಹುದು. ಮುಟ್ಟು ನಿಲ್ಲುವ ವಯಸ್ಸು, ಹೊಸದಾಗಿ ಶುರುಮಾಡಿದ ಮಾತ್ರೆ ಕಾರಣವಾಗಬಹುದು. ಎದೆ ಡವಗುಟ್ಟುವುದು, ಕೈ ನಡುಕ, ತೂಕ ಇಳಿಕೆ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ಸಕ್ಕರೆ ಕಾಯಿಲೆಗೆ ಔಷಧ ಪಡೆಯುವವರಿಗೆ ತಣ್ಣನೆಯ ಬೆವರು ಬಂದರೆ ರಕ್ತದ ಸಕ್ಕರೆ ತೀರ ಇಳಿದಿರಬಹುದು. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಎದೆನೋವಿನ ಜೊತೆ ಬೆವರಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನು ಕೆಲವರಿಗೆ ಹರೆಯದಿಂದಲೇ ಅಂಗೈ, ಅಂಗಾಲು, ಕಂಕುಳು ಎರಡೂ ಬದಿ ಸಮನಾಗಿ ಬೆವರುತ್ತವೆ. ನಿದ್ದೆಯಲ್ಲಿ ಮಾತ್ರ ನಿಲ್ಲುತ್ತದೆ. ಇದು ಅತಿಬೆವರು ಎಂಬ ಸ್ಥಿತಿ, ಕೊಳಕುತನವಲ್ಲ. ಚರ್ಮವೈದ್ಯರು ಶೇ. 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ, ಗ್ಲೈಕೊಪಿರೋನಿಯಂ, ಅಂಗೈಗಾದರೆ ನೀರಿನ ಮೂಲಕ ಮೃದು ವಿದ್ಯುತ್ ಹಾಯಿಸುವ ಚಿಕಿತ್ಸೆ, ಕಂಕುಳಿಗೆ ಕೆಲವು ತಿಂಗಳು ನಿಲ್ಲುವ ಬೊಟುಲಿನಂ ಚುಚ್ಚುಮದ್ದು ಸೂಚಿಸಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಗತ್ಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಬಹುದು.

ಆದ್ದರಿಂದ ಮುಂದಿನ ಸಲ ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸುವ ಬದಲು ಶೀಶೆಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಮತ್ತೆ ಬಸ್ಸಿನಲ್ಲಿ ಯಾರಾದರೂ ಬೆವರಿ ಮುದುಡಿ ನಿಂತಿದ್ದರೆ ಮುಖ ತಿರುಗಿಸಬೇಡಿ. ಅವರಿಗೂ ಇದೇ ಗೊತ್ತಿಲ್ಲದಿರಬಹುದು.