ಶಾಲೆಯ ಗಡಿರೇಖೆ ಮತ್ತು ಹೆತ್ತವರ ಚಿಂತೆ

ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಬೇಸಿಗೆ ರಜೆ ಮುಗಿಯುವ ಮೊದಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯಿದು. ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಾಗಲೂ ಹೆತ್ತವರ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ. ಶುಲ್ಕ, ಮಾಧ್ಯಮ, ದೂರ, ಶಿಸ್ತು ಎಲ್ಲವನ್ನೂ ತೂಗಿ ನೋಡುತ್ತೇವೆ. ಆದರೆ ಮನೆಯ ವಿಳಾಸವೊಂದೇ ಮಗುವಿನ ಶಾಲೆಯನ್ನು ನಿರ್ಧರಿಸುವಂತಿದ್ದರೆ? ಮನೆ ಇದ್ದಲ್ಲೇ ಇದ್ದು ಶಾಲೆ ಮಾತ್ರ ಬದಲಾಗುವಂತಾದರೆ?

ಅಮೆರಿಕದ ಹೆತ್ತವರನ್ನು ಕಾಡುವ ಚಿಂತೆಯಿದು. ಅಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ನಮ್ಮಲ್ಲಿಯಂತೆ ದುಬಾರಿ ಖಾಸಗಿ ಶಾಲೆಯಲ್ಲ. ತೆರಿಗೆಯ ಹಣದಿಂದ ನಡೆಯುವ, ಶುಲ್ಕವಿಲ್ಲದ ಸರಕಾರಿ ಶಾಲೆ. ಬಹಳಷ್ಟು ಊರುಗಳಲ್ಲಿ ಪ್ರತಿಯೊಂದು ಶಾಲೆಗೂ ಇಂತಿಷ್ಟು ಬೀದಿಗಳೆಂಬ ಗಡಿಯುಂಟು. ಒಳ್ಳೆಯ ಹೆಸರಿನ ಶಾಲೆಯ ಗಡಿಯೊಳಗೆ ಮನೆಗಳ ಬೆಲೆಯೂ ಏರುತ್ತದೆ. ಆದ್ದರಿಂದ ಗಡಿಯನ್ನು ಬದಲಿಸುವ ಸುದ್ದಿ ಹೊರಟರೆ ಸಾಕು, ಸಭೆಗಳು ಕಿಕ್ಕಿರಿದು ತುಂಬುತ್ತವೆ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ 2015ರಲ್ಲಿ ನಡೆದ ಚರ್ಚೆ ಇದಕ್ಕೊಂದು ನಿದರ್ಶನ. ಬ್ರೂಕ್ಲಿನ್ ಹೈಟ್ಸ್ ಎಂಬ ಸ್ಥಿತಿವಂತರ ಬಡಾವಣೆಯಲ್ಲಿ 8ನೇ ಸಂಖ್ಯೆಯ ಸರಕಾರಿ ಶಾಲೆಯಿದೆ. ಅಲ್ಲಿಂದ ಒಂದು ಮೈಲಿಗೂ ಕಡಿಮೆ ದೂರದಲ್ಲಿ, ಫರಾಗಟ್ ಹೌಸಸ್ ಎಂಬ ಸರಕಾರಿ ವಸತಿ ಸಮುಚ್ಚಯದ ಬಳಿ, 307ನೇ ಸಂಖ್ಯೆಯ ಶಾಲೆ. ಮೊದಲನೆಯದರಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಗಡಿಯೊಳಗೇ ವಾಸಿಸುವ ಪುಟಾಣಿಗಳೂ ಪ್ರವೇಶಕ್ಕಾಗಿ ಕಾಯಬೇಕಾಗಿತ್ತು. ಎರಡನೆಯದರಲ್ಲಿ ಕೊಠಡಿಗಳು ಖಾಲಿಯಿದ್ದವು. ಮೊದಲನೆಯದರಲ್ಲಿ ಹೆಚ್ಚಿನವರು ಬಿಳಿಯರ ಮಕ್ಕಳು. ಎರಡನೆಯದರಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಕರಿಯ ಅಥವಾ ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳವರು, ಅವರಲ್ಲಿ ಬಹುಪಾಲು ಬಡವರು. ಡಂಬೊ ಮತ್ತು ವಿನೆಗರ್ ಹಿಲ್ ಎಂಬ ಬಡಾವಣೆಗಳನ್ನು 307ನೇ ಶಾಲೆಯ ಗಡಿಗೆ ಸೇರಿಸಬೇಕೆಂದು ನಗರದ ಶಿಕ್ಷಣ ಇಲಾಖೆ ಸೂಚಿಸಿತು.

ಕಾಗದದ ಮೇಲೆ ಇದು ಸರಳ ಲೆಕ್ಕ. ಆದರೆ ಸಭೆಯಲ್ಲಿ ಕುಳಿತ ತಾಯಿತಂದೆಯರಿಗೆ ಅದು ಲೆಕ್ಕವಾಗಿರಲಿಲ್ಲ. ಈ ಶಾಲೆಗೆಂದೇ ಇಲ್ಲಿ ಮನೆ ಮಾಡಿದೆವಲ್ಲ ಎಂಬುದು ಗಡಿಯಿಂದ ಹೊರಬೀಳುವವರ ಅಳಲು. ಹೊಸ ಶಾಲೆಯ ಪರೀಕ್ಷಾ ಫಲಿತಾಂಶ ಕಡಿಮೆಯಿದೆಯೆಂಬ ಭಯವೂ ಅವರಿಗಿತ್ತು. ಇದನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಸ್ವಂತ ಮಗುವಿನ ವಿಷಯ ಬಂದಾಗ ಯಾವ ತಾಯಿಯ ಎದೆ ಡವಗುಟ್ಟುವುದಿಲ್ಲ?

ಅನೇಕರು ನಿರೀಕ್ಷಿಸದೇ ಇದ್ದುದು ಇನ್ನೊಂದು ಪಕ್ಷದ ಭಯ. ಸಿರಿವಂತರ ಮಕ್ಕಳು ಬಂದರೆ ತಮ್ಮ ಶಾಲೆಗೆ ಒಳ್ಳೆಯದೇ ಆಗುವುದೆಂದು 307ನೇ ಶಾಲೆಯ ಹೆತ್ತವರು ಕುಣಿದಾಡಲಿಲ್ಲ. ಅವರು ಕಷ್ಟಪಟ್ಟು ಕಟ್ಟಿ ನಿಲ್ಲಿಸಿದ ಶಾಲೆಯದು. ಪುಟ್ಟ ಮಕ್ಕಳಿಗೆ ಚೀನೀ ಭಾಷೆಯನ್ನು ಕಲಿಸುವ ವ್ಯವಸ್ಥೆಯೂ ಅಲ್ಲಿತ್ತು. ಬಡ ಮಕ್ಕಳ ಪ್ರಮಾಣಕ್ಕನುಗುಣವಾಗಿ ದೊರೆಯುವ ಕೇಂದ್ರ ಸರಕಾರದ ನೆರವು ತಪ್ಪಿಹೋದೀತೆಂಬ ಆತಂಕ ಅವರದು. ಇದಕ್ಕೆ ಆಧಾರವೂ ಇತ್ತು. ಈಗ ಕಿಕ್ಕಿರಿದಿದ್ದ 8ನೇ ಶಾಲೆಯೇ ಈ ಶತಮಾನದ ಆರಂಭದಲ್ಲಿ ಮಕ್ಕಳಿಲ್ಲದೆ ಸೊರಗಿತ್ತು. ಇದ್ದವರಲ್ಲಿ ಹೆಚ್ಚಿನವರು ಕರಿಯರ ಮತ್ತು ಲ್ಯಾಟಿನ್ ಮೂಲದವರ ಮಕ್ಕಳು. ಶಾಲೆ ಸುಧಾರಿಸಿತು, ಸ್ಥಿತಿವಂತರು ಬಂದರು, ಕ್ರಮೇಣ ಬಡವರ ಮಕ್ಕಳಿಗೆ ಅಲ್ಲಿ ಜಾಗವೇ ಇಲ್ಲದಾಯಿತು. ನಮ್ಮ ಶಾಲೆಗೂ ಇದೇ ಗತಿಯೇ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ನ್ಯೂಯಾರ್ಕಿನಲ್ಲಿ ಶಾಲಾ ಗಡಿ ಬದಲಾಗಬೇಕಾದರೆ ಬಹುಪಾಲು ಹೆತ್ತವರಿಂದಲೇ ಕೂಡಿದ ಸಮುದಾಯ ಶಿಕ್ಷಣ ಮಂಡಳಿಯ ಒಪ್ಪಿಗೆ ಬೇಕು. ಆ ಮಂಡಳಿ ಆತುರಪಡಲಿಲ್ಲ. ಮತದಾನವನ್ನು ಮುಂದೂಡಿ ಎರಡೂ ಕಡೆಯವರ ಮಾತಿಗೆ ಕಿವಿಗೊಟ್ಟಿತು. ಬಡ ಮಕ್ಕಳಿಗಾಗಿ ಸ್ಥಾನಗಳನ್ನು ಕಾದಿರಿಸಬೇಕೆಂಬ ಒತ್ತಾಯವೂ ಅಲ್ಲಿ ಕೇಳಿಬಂತು. ಕೊನೆಗೆ 2016ರ ಜನವರಿಯಲ್ಲಿ ಹೊಸ ಗಡಿಗೆ ಒಪ್ಪಿಗೆ ದೊರೆಯಿತು. ಈಗಾಗಲೇ ಓದುತ್ತಿದ್ದ ಮಕ್ಕಳನ್ನು ಕದಲಿಸದೆ, ಹೊಸದಾಗಿ ಸೇರುವವರಿಗೆ ಮಾತ್ರ ಅದು ಅನ್ವಯಿಸಿತು.

ಈ ವಿಷಯದಲ್ಲಿ ಕಥೋಲಿಕರಾದ ನಾವು ನೆನೆಯಬೇಕಾದ ಹಳೆಯ ಪ್ರಸಂಗವೊಂದಿದೆ. ಬಾಸ್ಟನ್ ನಗರದ ಶಾಲೆಗಳಲ್ಲಿ ಕರಿಯ ಮತ್ತು ಬಿಳಿಯ ಮಕ್ಕಳನ್ನು ಉದ್ದೇಶಪೂರ್ವಕವಾಗಿ ಬೇರೆ ಬೇರೆ ಇರಿಸಲಾಗಿದೆಯೆಂದು 1974ರ ಜೂನ್‌ನಲ್ಲಿ ನ್ಯಾಯಾಧೀಶ ಗ್ಯಾರಿಟಿಯವರು ತೀರ್ಪಿತ್ತರು. ಮಕ್ಕಳನ್ನು ಬಸ್ಸುಗಳಲ್ಲಿ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಕಳುಹಿಸುವ ಏರ್ಪಾಡಾಯಿತು. ಐರಿಷ್ ಕಥೋಲಿಕರೇ ಹೆಚ್ಚಾಗಿದ್ದ ಸೌತ್ ಬಾಸ್ಟನ್‌ನಲ್ಲಿ ಕರಿಯ ಮಕ್ಕಳಿದ್ದ ಬಸ್ಸುಗಳ ಮೇಲೆ ಕಲ್ಲುಗಳು ಬಿದ್ದವು. ಸಮಾನತೆಯಿಂದ ತಪ್ಪಿಸಿಕೊಳ್ಳಲೆಂದು ಬರುವವರಿಗೆ ಕಥೋಲಿಕ ಶಾಲೆಗಳು ಆಶ್ರಯ ನೀಡಬಾರದೆಂದು ಅಂದಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಹಂಬರ್ಟೊ ಮೆಡೈರೋಸ್ ಆದೇಶಿಸಿದರು. ಸ್ವಂತ ಜನರೇ ಅವರ ಮೇಲೆ ಮುನಿದರು. ಆ ಆದೇಶ ಎಲ್ಲೆಡೆ ಪೂರ್ಣವಾಗಿ ಪಾಲನೆಯಾಗಲೂ ಇಲ್ಲ. ಆದರೂ ಬಾಗಿಲು ತೆರೆದರೆ ತಮ್ಮ ಶಾಲೆಗಳು ತುಂಬಿ ತುಳುಕುತ್ತಿದ್ದ ಹೊತ್ತಿನಲ್ಲಿ ಬೇಡವೆಂದ ಆ ಧೈರ್ಯ ಸಣ್ಣದಲ್ಲ.

ಇದು ದೂರದ ಊರಿನ ಮಾತೆಂದು ಸುಮ್ಮನಿರಲಾದೀತೇ? ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡಿ ಕಲಿಯಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಸಲಹೆ ನೀಡಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ 'ನೆರೆಹೊರೆಯ ಶಾಲೆ'ಯ ಮಾತನ್ನಾಡಿತು; ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ಕರ್ನಾಟಕದ ನಿಯಮ ಹೇಳಿತು. ಖಾಸಗಿ ಶಾಲೆಗಳು ನೆರೆಹೊರೆಯ ಬಡ ಮಕ್ಕಳಿಗೆ ಶೇಕಡಾ 25 ಸ್ಥಾನ ನೀಡಬೇಕೆಂಬ ವಿಧಿಯೂ ಬಂತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಅದು ಬಲ ನೀಡಿತೆಂಬುದು ನಿಜ. ಆದರೆ ಕಾನೂನು ಕೊಟ್ಟ ವಿನಾಯಿತಿ, ನಮ್ಮ ಶಾಲೆಯ ಗೋಡೆಯಾಚೆ ವಾಸಿಸುವ ಕೂಲಿಕಾರರ ಮಗುವಿನ ಪ್ರಶ್ನೆಗೆ ಉತ್ತರವಾಗಲಾರದು.

ಇಗರ್ಜಿಯೊಂದನ್ನು ಒಡೆದು ಹೊಸ ಧರ್ಮಕೇಂದ್ರ ಮಾಡಿದಾಗ ಮನಸ್ಸಿಗಾಗುವ ಕಸಿವಿಸಿ ನಮ್ಮ ಹಿರಿಯರಿಗೆ ಗೊತ್ತು. ಹಳೆಯ ಗಂಟೆಯ ದನಿ ಬಿಟ್ಟುಹೋಗುವುದು ಸುಲಭವಲ್ಲ. ಶಾಲೆಯ ಗಡಿಯೂ ಹಾಗೆಯೇ. ಆದ್ದರಿಂದ ಗಡಿ ಬದಲಿಸುವವರು ಹೆತ್ತವರನ್ನು ಮೊದಲೇ ಕರೆದು ಮಾತನಾಡಬೇಕು; ಮಾತು ಬಲ್ಲವರನ್ನಷ್ಟೇ ಅಲ್ಲ, ಸಭೆಗೆ ಬರಲು ಒಂದು ದಿನದ ಸಂಬಳ ಕಳೆದುಕೊಳ್ಳುವವರನ್ನೂ ಕೇಳಬೇಕು. ಹೆತ್ತವರಾದ ನಮಗೂ ಒಂದು ಹೊಣೆಯಿದೆ. ನನ್ನ ಮಗುವಿಗೆ ಯಾವ ಶಾಲೆ ಎಂದು ಕೇಳಿದ ಮೇಲೆ, ನಾವು ಬಿಟ್ಟುಬಂದ ಶಾಲೆಯಲ್ಲಿ ಉಳಿದವರ ಗತಿಯೇನು ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಈ ಬಾರಿ ಶಾಲೆ ತೆರೆಯುವ ಮುನ್ನ ನಮ್ಮ ಮನೆಗಳಲ್ಲಿ ಈ ಮಾತೂ ನಡೆಯಲಿ.