ಒಂದು ವಾಟಿನ ಗದ್ದಲ: ಆಂಪ್, ಪೆಡಲ್ ಮತ್ತು ಮಾಡೆಲರ್

ಗಿಟಾರ್ ಆಂಪ್‌ಗಳಲ್ಲಿ ತುಂಬ ಬಳಕೆಯಲ್ಲಿರುವ ಸ್ಪೀಕರುಗಳಲ್ಲೊಂದು ಸೆಲೆಸ್ಚಿಯನ್ ಕಂಪನಿಯ ವಿಂಟೇಜ್ 30. ಹನ್ನೆರಡು ಇಂಚಿನ ಈ ಸ್ಪೀಕರಿಗೆ ಒಂದೇ ಒಂದು ವಾಟ್ ಉಣಿಸಿದರೂ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು ಹೊರಡುತ್ತದೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಾಕಿರುವ ಮಿತಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45. ಪುಣೆಯ ಕೋಥರೂಡಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ 50 ವಾಟಿನ ವಾಲ್ವ್ ಆಂಪ್ ತಂದಿಟ್ಟವನು ಏನಾಗುತ್ತಾನೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೇಕರರ ನಿದ್ದೆ ಕೆಡಿಸಬಾರದು ಎಂಬುದು ಮಹಾರಾಷ್ಟ್ರದಲ್ಲಿ ಹಳೆಯ ತಮಾಷೆ. ಸೊಸೈಟಿಯ ಕಾರ್ಯದರ್ಶಿಗೆ ಅದು ತಮಾಷೆಯಲ್ಲ.

ಆದ್ದರಿಂದಲೇ ಹಿಂಜವಡಿಯ ಐಟಿ ಹುಡುಗರು, ಕಾಲೇಜು ಬ್ಯಾಂಡಿನವರು, ಬೆಂಗಳೂರು–ಹುಬ್ಬಳ್ಳಿಯಿಂದ ಗಿಟಾರ್ ಹೊತ್ತು ಬಂದು ಪುಣೆಯಲ್ಲಿ ನೆಲೆಸಿದ ನಮ್ಮವರು, ಎಲ್ಲರೂ ಒಂದಲ್ಲ ಒಂದು ದಿನ ಆಂಪಿನ ಸದ್ದನ್ನು ಲೆಕ್ಕದಿಂದ ಅನುಕರಿಸುವ ಮಾಡೆಲರ್ ಎಂಬ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಾರೆ. ಕೂಡಲೇ ಜಗಳ ಶುರು: ನಿಜವಾದ ಆಂಪ್ ಮುಂದೆ ಇದು ಸಾಟಿಯೇ? ನನ್ನ ಮಟ್ಟಿಗೆ ಈ ಜಗಳದ ಮುಕ್ಕಾಲು ಪಾಲು ಹುಟ್ಟುವುದು ತಪ್ಪು ಹೋಲಿಕೆಯಿಂದ. ಅದು ಯಾಕೆಂದು ತಿಳಿಯಬೇಕಾದರೆ ಮೊದಲು ಆಂಪಿನ ಹೊಟ್ಟೆಯೊಳಗೆ ಇಣುಕಬೇಕು.

ಗಿಟಾರಿನ ಪಿಕಪ್ ಹುಟ್ಟಿಸುವ ವಿದ್ಯುತ್ ಬಹಳ ದುರ್ಬಲ, ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ. ಅದನ್ನು ಮೊದಲು ಎತ್ತಿಕೊಡುವುದು 12ಎಎಕ್ಸ್7 ಎಂಬ ಪುಟ್ಟ ವಾಲ್ವ್. ಆಮೇಲೆ ಬಾಸ್, ಟ್ರೆಬಲ್ ತಿರುಗಣೆಗಳು. ಕೊನೆಯಲ್ಲಿ ದಪ್ಪ ಪವರ್ ವಾಲ್ವ್‌ಗಳು: ಮಾರ್ಷಲ್ ಎಂದರೆ ಸಾಮಾನ್ಯವಾಗಿ ಇಎಲ್34, ಫೆಂಡರ್‌ನ ದೊಡ್ಡ ಆಂಪ್‌ಗಳಲ್ಲಿ 6ಎಲ್6, ವಾಕ್ಸ್ ಎಸಿ30ಯಲ್ಲಿ ಇಎಲ್84. ವಾಲ್ವ್ ರೇಡಿಯೊ ಕಂಡ ಹಿರಿಯರಿಗೆ ಇವು ಹೊಸ ಮುಖಗಳಲ್ಲ. ಬೆಂಗಳೂರಿನ ಬಿಇಎಲ್ ಕಾರ್ಖಾನೆ ಫಿಲಿಪ್ಸ್ ಸಹಯೋಗದಲ್ಲಿ 1960ರ ದಶಕದಲ್ಲಿ ತಯಾರಿಸಿದ ರೇಡಿಯೊ ವಾಲ್ವ್‌ಗಳಲ್ಲಿ ಇಎಲ್84 ಕೂಡ ಇತ್ತು. ಹಳೆಯ ದಾಸ್ತಾನಿನ ಆ ಬಿಇಎಲ್ ವಾಲ್ವ್‌ಗಳನ್ನು ಇಂದಿಗೂ ಹುಡುಕಿ ಕೊಳ್ಳುವ ಗಿಟಾರಿಗರು ಮತ್ತು ಆಡಿಯೊ ಹುಚ್ಚರು ಹೊರದೇಶಗಳಲ್ಲಿದ್ದಾರೆ.

ವಾಲ್ವಿನ ಗುಣವೆಂದರೆ ಅದು ಸಾಮರ್ಥ್ಯ ಮೀರಿದಾಗ ಸದ್ದನ್ನು ಒಮ್ಮೆಲೇ ಕತ್ತರಿಸುವುದಿಲ್ಲ. ಅಲೆಯ ತುದಿಗಳನ್ನು ನಿಧಾನವಾಗಿ ಉರುಟು ಮಾಡುತ್ತ ಹೋಗುತ್ತದೆ. ಮೆಲ್ಲಗೆ ಮೀಟಿದರೆ ತಿಳಿಯಾದ ಸ್ವರ, ಒತ್ತಿ ಮೀಟಿದರೆ ಒರಟು. ಜೋರಾದ ಮೀಟಿಗೆ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಅದನ್ನು ಕಿವಿಗಿಂತ ಮೊದಲು ಬೆರಳು ಗುರುತಿಸುತ್ತದೆ, ತಂತಿಯೇ ಸ್ವಲ್ಪ ಮೆತ್ತಗಾದಂತೆ. ಪವರ್ ವಾಲ್ವ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ಬೆವರುವಷ್ಟು ದುಡಿದಾಗ ಮಾತ್ರ ಈ ಸುಖ ಪೂರ್ತಿ ಸಿಗುವುದು. ಹಾಗೆ ದುಡಿಸುವುದೆಂದರೆ ಗದ್ದಲ. ವಾಲ್ಯೂಮ್ ತಗ್ಗಿಸಿದ ವಾಲ್ವ್ ಆಂಪ್ ಅರ್ಧ ಆಂಪ್.

ಪೆಡಲ್‌ಗಳ ಕಥೆ ಸರಳ. ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ ಅದು: ಒಂದು ಪೆಡಲ್, ಒಂದು ಕೆಲಸ. 1979ರಲ್ಲಿ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರ್ ಟಿಎಸ್808 ಒಳಗಿರುವುದು ಮುಖ್ಯವಾಗಿ ಒಂದು ಆಪ್-ಆಂಪ್ ಚಿಪ್, ಎರಡು ಡಯೋಡ್, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಈ ಜಾತಿಯ ಪೆಡಲ್ ಕೆಟ್ಟರೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಬಿಡಿಭಾಗ ಕೊಂಡು, ಬೆಸುಗೆ ಹಾಕಲು ಬಲ್ಲ ಯಾರ ಕೈಯಲ್ಲಾದರೂ ರಿಪೇರಿ ಮಾಡಿಸಬಹುದು. ಸರಣಿಯಲ್ಲಿ ಯಾವುದರ ಹಿಂದೆ ಯಾವುದು ಎಂಬುದಕ್ಕೆ ಮಾತ್ರ ಬೆಲೆಯಿದೆ. ಸದ್ದನ್ನು ಒಡೆಯುವ ಡ್ರೈವ್ ಪೆಡಲ್‌ಗಳು ಆಂಪಿಗಿಂತ ಮುಂಚೆ. ಡಿಲೇ, ರಿವರ್ಬ್‌ಗಳನ್ನು ಆಂಪಿನ ಬೆನ್ನಿಗಿರುವ ಎಫೆಕ್ಟ್ಸ್ ಲೂಪಿಗೆ ಹಾಕುವುದು ಮೇಲು. ಇಲ್ಲದಿದ್ದರೆ ಪ್ರತಿಧ್ವನಿಯೂ ಡಿಸ್ಟಾರ್ಷನ್‌ನಲ್ಲಿ ಅರೆದು ಕಲಸುಮೇಲೋಗರವಾಗುತ್ತದೆ.

ಈಗ ಮಾಡೆಲರ್. ಲೈನ್ 6 ಕಂಪನಿಯ ಹುರುಳಿಕಾಳಿನ ಆಕಾರದ ಕೆಂಪು ಪಾಡ್ 1998ರಲ್ಲಿ ಬಂದಾಗ ಈ ಜಾತಿ ಮನೆಮಾತಾಯಿತು. 2006ರಲ್ಲಿ ಫ್ರ್ಯಾಕ್ಟಲ್‌ನ ಆಕ್ಸ್-ಎಫ್ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್, 2015ರಲ್ಲಿ ಹೀಲಿಕ್ಸ್, ಆಮೇಲೆ ಫಿನ್ಲೆಂಡಿನ ಕ್ವಾಡ್ ಕಾರ್ಟೆಕ್ಸ್. ಇವೆಲ್ಲವೂ ಗಿಟಾರಿನ ಅಲೆಯನ್ನು ಸೆಕೆಂಡಿಗೆ ಹಲವು ಸಾವಿರ ಸಲ, ಹೆಚ್ಚಿನವು 48,000 ಸಲ, ಅಳೆದು ಅಂಕಿಗಳನ್ನಾಗಿ ಮಾಡಿಕೊಳ್ಳುತ್ತವೆ. ಆ ಅಂಕಿಗಳ ಮೇಲೆ ಆಂಪಿನ ಕೆಲಸವನ್ನು ಲೆಕ್ಕವಾಗಿ ಮಾಡಿ ಮತ್ತೆ ಸದ್ದಾಗಿಸುತ್ತವೆ.

ಆ ಲೆಕ್ಕಕ್ಕೆ ಎರಡು ದಾರಿ. ಅದನ್ನು ಅರ್ಥಮಾಡಿಕೊಳ್ಳಲು ನಮಗೆ ಎಲೆಕ್ಟ್ರಾನಿಕ್ ತಂಬೂರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಬೆಂಗಳೂರಿನ ಎಂಜಿನಿಯರ್, ಸ್ವತಃ ಕೊಳಲು ವಾದಕರಾದ ಜಿ. ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ಮುಟ್ಟಿಸಿದರು. ಆ ಕಾಲದ ತಂಬೂರಿಗಳು ತಂತಿಯ ನಾದವನ್ನು ಸರ್ಕ್ಯೂಟಿನಲ್ಲೇ ಹುಟ್ಟಿಸುತ್ತಿದ್ದವು. ಮುಂದೆ ಬಂದ ಡಿಜಿಟಲ್ ತಂಬೂರಿಗಳು ನಿಜವಾದ ತಂಬೂರಿಯ ನಾದವನ್ನೇ ಹಿಡಿದಿಟ್ಟುಕೊಂಡು ನುಡಿಸತೊಡಗಿದವು. ಮಾಡೆಲರ್‌ಗಳಲ್ಲೂ ಹಾಗೆಯೇ ಎರಡು ಪಂಗಡ. ಫ್ರ್ಯಾಕ್ಟಲ್, ಹೀಲಿಕ್ಸ್‌ಗಳು ಆಂಪಿನ ಒಂದೊಂದು ವಾಲ್ವ್, ಒಂದೊಂದು ಕೆಪಾಸಿಟರಿನ ನಡತೆಯನ್ನು ಸಮೀಕರಣವಾಗಿ ಬರೆದು ಬಿಡಿಸುತ್ತವೆ. ತಿರುಗಣೆ ತಿರುಗಿಸಿದರೆ ಲೆಕ್ಕವೂ ಹೊಸದಾಗಿ ನಡೆಯುತ್ತದೆ. ಕೆಂಪರ್ ಆಂಪಿನೊಳಕ್ಕೆ ಪರೀಕ್ಷಾ ಸದ್ದು ಕಳಿಸಿ, ಹೊರಗೆ ಬಂದದ್ದನ್ನು ಮೈಕಿನಿಂದ ಆಲಿಸಿ, ಎರಡರ ನಡುವಿನ ವ್ಯತ್ಯಾಸವನ್ನು ಕಲಿಯುತ್ತದೆ. ಇದೇ ಕೆಲಸವನ್ನು ನ್ಯೂರಲ್ ನೆಟ್‌ವರ್ಕ್‌ನಿಂದ ಮಾಡುವುದು ಕ್ವಾಡ್ ಕಾರ್ಟೆಕ್ಸ್, ಟೋನ್‌ಎಕ್ಸ್ ಮತ್ತು ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ತಂತ್ರಾಂಶ. ಹೀಗೆ ಹಿಡಿದಿಟ್ಟ ಆಂಪ್ ಆ ಒಂದು ಹೊಂದಿಕೆಯಲ್ಲಿ ಬೆರಗಾಗುವಷ್ಟು ನಿಜ. ಅಲ್ಲಿಂದ ಗೇನ್ ತಿರುಗಣೆಯನ್ನು ದೂರ ತಿರುಗಿಸಿದರೆ ಪೆಟ್ಟಿಗೆ ಅಂದಾಜಿನ ಮೇಲೆ ನಡೆಯುತ್ತದೆ. ಕೊಳ್ಳುವಾಗ ಅಂಗಡಿಯವರು ಈ ಮಾತನ್ನು ಎತ್ತುವುದು ಕಡಿಮೆ.

ಮಾಡೆಲರಿನ ಕಷ್ಟ ಎಲ್ಲಿದೆಯೆಂದರೆ ಒಡೆದ ಸದ್ದಿನಲ್ಲಿ. ಡಿಸ್ಟಾರ್ಷನ್ ಎಂದರೆ ಇಲ್ಲದ ಹಾರ್ಮೋನಿಕ್‌ಗಳನ್ನು ಹುಟ್ಟಿಸುವುದು. ಐದು ಕಿಲೋಹರ್ಟ್ಸ್‌ನ ಒಂದು ಎಳೆಗೆ ಏಳನೇ ಹಾರ್ಮೋನಿಕ್ ಅದರ ಏಳು ಪಟ್ಟು, ಅಂದರೆ 35 ಕಿಲೋಹರ್ಟ್ಸ್. ಕಿವಿಗೆ ಕೇಳದು, ವಾಲ್ವ್ ಆಂಪಿನಲ್ಲಿ ಅದರಿಂದ ತೊಂದರೆಯೂ ಇಲ್ಲ. ಆದರೆ 48 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಪೆಟ್ಟಿಗೆ ಅದರ ಅರ್ಧವಾದ 24ರ ಮೇಲಿನದನ್ನು ಹಿಡಿಯಲಾರದೆ ಕನ್ನಡಿಯಂತೆ ಕೆಳಕ್ಕೆ ಮಡಚುತ್ತದೆ: 48ರಲ್ಲಿ 35 ಕಳೆದರೆ 13. ನುಡಿಸುತ್ತಿರುವ ಸ್ವರಕ್ಕೂ ಈ 13 ಕಿಲೋಹರ್ಟ್ಸ್‌ಗೂ ಯಾವ ನಂಟೂ ಇಲ್ಲ, ಶುದ್ಧ ಅಪಸ್ವರ. ಇದನ್ನು ತಪ್ಪಿಸಲು ಡಿಸ್ಟಾರ್ಷನ್‌ನ ಲೆಕ್ಕವನ್ನು ಮಾತ್ರ ಹಲವು ಪಟ್ಟು ವೇಗದಲ್ಲಿ ಮಾಡಿ, ಮೇಲಿನದನ್ನು ಸೋಸಿ ಕೆಳಗಿಳಿಸುತ್ತಾರೆ. ಅದಕ್ಕೆ ಬಲವಾದ ಪ್ರೊಸೆಸರ್ ಬೇಕು. ಅಗ್ಗದ ಪೆಟ್ಟಿಗೆಯ ಏರುಸ್ವರಗಳಲ್ಲಿ ಕೇಳುವ ಗಾಜು ಗೀರಿದಂಥ ಕಿರಿಕಿರಿಯ ಒಂದು ಮೂಲ ಇದು.

ಇನ್ನು ತಡವಾಗುವ ಮಾತು. ಲೆಕ್ಕಕ್ಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ, ನಿಜ. ಆದರೆ ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಆಂಪಿನಿಂದ ಮೂರು ಮೀಟರ್ ದೂರ ನಿಂತು ನುಡಿಸುವವರು ಅದಕ್ಕಿಂತ ಹೆಚ್ಚು ತಡವನ್ನು ಗೊಣಗದೆ ಸಹಿಸುತ್ತಾರೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಅದರ ತಡವೇ ಸಾಮಾನ್ಯವಾಗಿ ನೂರು ಮಿಲಿಸೆಕೆಂಡ್ ಮೀರುತ್ತದೆ. ಮಧ್ಯಾಹ್ನದ ನಿದ್ದೆಗೆ ಭಂಗ ತರದೆ ಅಭ್ಯಾಸ ಮಾಡಲು ತಂತಿಯಿರುವ ಹೆಡ್‌ಫೋನ್ ಸಾಕು.

ತಪ್ಪು ಹೋಲಿಕೆ ಎಂದೆನಲ್ಲ, ಅದು ಇಲ್ಲಿದೆ. ಗಿಟಾರ್ ಸ್ಪೀಕರ್ ಸುಮಾರು ಐದು ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಸುವುದಿಲ್ಲ. ಒಡೆದ ಸದ್ದಿನ ಸೊಳ್ಳೆಗುಂಯ್‌ಗುಡುವಿಕೆಯನ್ನು ಅದು ನುಂಗಿಹಾಕುತ್ತದೆ. ಹಾಡು ಕೇಳುವ ಸ್ಪೀಕರಿಗೆ ಆ ಗುಣವಿಲ್ಲ. ಹಾಗಾಗಿ ಮಾಡೆಲರ್ ತನ್ನೊಳಗೇ ಸ್ಪೀಕರನ್ನೂ ಸೇರಿಸಿಕೊಳ್ಳುತ್ತದೆ: ಒಂದು ಕ್ಯಾಬಿನೆಟ್ಟಿನ ಮುಂದೆ ಇಂಥ ಮೈಕ್, ಇಷ್ಟು ದೂರದಲ್ಲಿ ಇಟ್ಟಾಗ ಬಂದ ನಾದದ ಅಚ್ಚು. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್, ಸಂಕ್ಷಿಪ್ತವಾಗಿ ಐಆರ್ ಎನ್ನುತ್ತಾರೆ. ಅಂದರೆ ಮಾಡೆಲರಿನಿಂದ ನಮಗೆ ಕೇಳುವುದು ಮೈಕಿನಿಂದ ರೆಕಾರ್ಡ್ ಮಾಡಿದ ಆಂಪ್. ಕೋಣೆಯಲ್ಲಿ ನಮ್ಮ ಪ್ಯಾಂಟು ಅಲುಗಾಡಿಸುವ ಆಂಪನ್ನು ಇದರ ಪಕ್ಕ ಇಟ್ಟು ‘ಜೀವವಿಲ್ಲ’ ಎನ್ನುವುದು, ಎದುರು ಕೂತು ಕೇಳಿದ ಕಛೇರಿಯನ್ನೂ ಅದರ ಧ್ವನಿಮುದ್ರಿಕೆಯನ್ನೂ ತೂಗಿದಂತೆ. ನಾವು ಮೆಚ್ಚಿದ ಆಲ್ಬಮ್‌ಗಳ ಗಿಟಾರ್ ಟೋನ್ ಬಹುಮಟ್ಟಿಗೆ ಮೈಕಿನ ಮೂಲಕ ಬಂದದ್ದೇ. ಅದನ್ನು ಮರೆತು ಜಗಳಾಡುತ್ತೇವೆ.

ಇದೇ ಕಾರಣಕ್ಕೆ, ಮಾಡೆಲರನ್ನು ಮಾಮೂಲಿ ಗಿಟಾರ್ ಆಂಪಿಗೆ ಜೋಡಿಸುವಾಗ ಮುಂದಿನ ಇನ್‌ಪುಟ್ಟಿಗೆ ಚುಚ್ಚಬಾರದು. ಹಿಂದಿನ ಎಫೆಕ್ಟ್ಸ್ ಲೂಪಿನ ರಿಟರ್ನ್ ಜಾಕಿಗೆ ಹಾಕಿ, ಪೆಟ್ಟಿಗೆಯೊಳಗಿನ ಕ್ಯಾಬ್ ಐಆರ್ ಆಫ್ ಮಾಡಬೇಕು. ಇಲ್ಲವಾದರೆ ಆಂಪಿನ ಮೇಲೆ ಆಂಪ್, ಸ್ಪೀಕರಿನ ಮೇಲೆ ಸ್ಪೀಕರ್ ಬಿದ್ದು ಕಂಬಳಿ ಹೊದೆಸಿದಂಥ ಸದ್ದು ಬರುತ್ತದೆ. ಮಿಕ್ಸರಿಗೆ ನೇರ ಕೊಡುವಾಗ ಐಆರ್ ಇರಲೇಬೇಕು.

ಪುಣೆಯ ವೇದಿಕೆಗಳಲ್ಲಿ ಈ ನೇರ ತಂತಿಯ ಲಾಭ ದೊಡ್ಡದು. ಫಿರೋದಿಯಾ ಕರಂಡಕ್ ಸ್ಪರ್ಧೆಯನ್ನೇ ನೋಡಿ: ಭರತ ನಾಟ್ಯ ಮಂದಿರದ ಒಂದೇ ವೇದಿಕೆಯ ಮೇಲೆ ನಾಟಕ, ನೃತ್ಯ, ಚಿತ್ರಕಲೆ, ಬ್ಯಾಂಡು ಎಲ್ಲವನ್ನೂ ಕಾಲೇಜು ಮಕ್ಕಳು ಹೂಡಬೇಕು. ಅಲ್ಲಿ 29 ಕಿಲೋ ತೂಗುವ ಫೆಂಡರ್ ಟ್ವಿನ್ ಹೊತ್ತು, ಅದಕ್ಕೆ ಮೈಕ್ ಹಿಡಿಸುವ ಪುರುಸೊತ್ತು ಯಾರಿಗಿದೆ? 2010ರಲ್ಲಿ ಪುಣೆಯಲ್ಲೇ ಶುರುವಾದ ಎನ್ಎಚ್7 ವೀಕೆಂಡರ್‌ನಂಥ ಉತ್ಸವಗಳಲ್ಲೂ ಒಂದರ ಬೆನ್ನಿಗೆ ಒಂದು ಬ್ಯಾಂಡ್ ಏರುವಾಗ ಧ್ವನಿ ಎಂಜಿನಿಯರಿಗೆ ಒಂದು ಎಕ್ಸ್‌ಎಲ್‌ಆರ್ ತಂತಿ ಕೊಡುವವನೇ ಆಪ್ತ. ಆದರೆ ಎಚ್ಚರ: ಮನೆಯಲ್ಲಿ ಮೆಲ್ಲಗೆ ಕೇಳುತ್ತ ಕೂಡಿಸಿಟ್ಟ ಟೋನ್ ವೇದಿಕೆಯಲ್ಲಿ ಕೈಕೊಡುತ್ತದೆ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿ ಬಾಸನ್ನೂ ತೀರಾ ಏರುಸ್ವರವನ್ನೂ ಕಡಿಮೆ ಗ್ರಹಿಸುವುದರಿಂದ ನಾವು ಅವನ್ನು ಹೆಚ್ಚಿಸಿಟ್ಟಿರುತ್ತೇವೆ. ಜೋರಾದಾಗ ಅವೇ ಬಾಸ್ ಗಿಟಾರಿನ ಮೇಲೂ ಸಿಂಬಲ್‌ಗಳ ಮೇಲೂ ಹತ್ತಿ ಕೂರುತ್ತವೆ. 80 ಹರ್ಟ್ಸ್‌ನ ಕೆಳಗೆ, ಆರೇಳು ಕಿಲೋಹರ್ಟ್ಸ್‌ನ ಮೇಲೆ ಕತ್ತರಿಸಿ, ಮಧ್ಯದ ಸ್ವರಗಳನ್ನು ತುಸು ಎತ್ತಿಟ್ಟರೆ ಬಹಳಷ್ಟು ಸರಿಹೋಗುತ್ತದೆ.

ಹಾಗಾದರೆ ಆಂಪ್ ಯಾರಿಗೆ? ಸ್ಪೀಕರಿನಿಂದ ಹೊರಟ ಗಾಳಿ ತಂತಿಗೆ ತಾಗಿ ಸ್ವರ ತಾನಾಗಿ ಉಳಿದು ಬೆಳೆಯುವ ಆಟ ಬೇಕಾದವರಿಗೆ. ಹೆಡ್‌ಫೋನಿನಲ್ಲಿ ಅದು ಆಗದ ಮಾತು. ಫಜ್ ಪೆಡಲ್ ಪ್ರಿಯರಿಗೂ ಮಾಡೆಲರ್ ಒಂದೇ ಸಾಲದು. ಫಜ್ ಫೇಸ್‌ನಂಥ ಹಳೆಯ ಸರ್ಕ್ಯೂಟು ಗಿಟಾರಿನ ಪಿಕಪ್ಪಿನ ಜತೆ ನೇರ ಬೆಸೆದುಕೊಂಡು, ವಾಲ್ಯೂಮ್ ತಿರುಗಣೆ ಇಳಿಸಿದೊಡನೆ ತಿಳಿಯಾಗುತ್ತದೆ. ನಡುವೆ ಎರಡನ್ನೂ ಬೇರ್ಪಡಿಸುವ ಬಫರ್ ಸರ್ಕ್ಯೂಟು ಬಂದರೆ ಆ ಸಂಬಂಧ ಕಡಿದುಹೋಗುತ್ತದೆ. ಹೀಲಿಕ್ಸ್‌ನಂಥವು ಇನ್‌ಪುಟ್ ಇಂಪೀಡೆನ್ಸ್ ಬದಲಿಸಿ ಇದನ್ನು ಅನುಕರಿಸುತ್ತವೆ. ನಿಜವಾದ ಫಜ್ ಒಂದನ್ನು ಕೊಂಡು ಮಾಡೆಲರಿನ ಮುಂದಿಡುವುದು ಇನ್ನೂ ಸುಲಭ.

ಪುಣೆಯ ಸವಾಯಿ ಗಂಧರ್ವ ಭೀಮಸೇನ ಸಂಗೀತ ಮಹೋತ್ಸವದ ವೇದಿಕೆಯಲ್ಲಿ ಗಾಯಕರ ಹಿಂದೆ ಇಂದಿಗೂ ನಿಜವಾದ ತಂಬೂರಿಗಳೇ ಕೂರುತ್ತವೆ. ಅದೇ ಊರಿನ ಮನೆಗಳಲ್ಲಿ ಬೆಳಗಿನ ರಿಯಾಜ್ ಎಲೆಕ್ಟ್ರಾನಿಕ್ ತಂಬೂರಿಯೊಡನೆ ನಡೆಯುತ್ತದೆ. ಯಾರೂ ಇದನ್ನು ದ್ರೋಹವೆನ್ನುವುದಿಲ್ಲ. ಗಿಟಾರಿಗರಿಗೆ ಮಾತ್ರ ಇನ್ನೂ ಪಕ್ಷ ಕಟ್ಟುವ ಚಟ.

ವಿದ್ಯುತ್ತಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ 120 ವೋಲ್ಟಿನ ಆಂಪನ್ನು ನಮ್ಮ 230ಕ್ಕೆ ನೇರ ಚುಚ್ಚಬೇಡಿ, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವಾಲ್ವ್ ಆಂಪಿನೊಳಗೆ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ, ಕುತೂಹಲಕ್ಕೆ ಬಿಚ್ಚುವುದು ಸಲ್ಲದು. ದುರಸ್ತಿಗೆಂದು ಗುರುವಾರ ಕರೆಂಟು ತೆಗೆಯುವುದು ಪುಣೆಯ ರೂಢಿ. ಮಾಡೆಲರ್ ಇದ್ದವರು ಒಂದು ಸಣ್ಣ ಯುಪಿಎಸ್ ಇಟ್ಟುಕೊಂಡರೆ ಅಪ್‌ಡೇಟ್ ನಡುವೆ ಕರೆಂಟು ಹೋಗಿ ಪೆಟ್ಟಿಗೆ ಮೂರ್ಛೆ ಹೋಗುವುದು ತಪ್ಪುತ್ತದೆ.

ಕೊಳ್ಳಲು ಹೊರಟವರು ನಿಮ್ಮದೇ ಗಿಟಾರ್ ಮತ್ತು ಹೆಡ್‌ಫೋನ್ ಒಯ್ಯಿರಿ. ಕಾರ್ಖಾನೆಯವರು ತುಂಬಿಟ್ಟ ಪ್ರಿಸೆಟ್‌ಗಳನ್ನು ಬದಿಗಿಟ್ಟು ಒಂದೇ ಆಂಪ್, ಒಂದೇ ಕ್ಯಾಬ್ ಆರಿಸಿ, ರಿವರ್ಬ್ ಕೂಡ ಆಫ್ ಮಾಡಿ ನುಡಿಸಿ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ವಾಲ್ಯೂಮನ್ನೂ ಫೋನಿನ ಡೆಸಿಬೆಲ್ ಮೀಟರ್ ಹಿಡಿದು ಸಮ ಮಾಡಿಕೊಳ್ಳಿ. ಒಂದೆರಡು ಡೆಸಿಬೆಲ್ ಜೋರಿದ್ದರೂ ಸಾಕು, ಕಿವಿ ಅದನ್ನೇ ‘ಒಳ್ಳೆಯದು’ ಎಂದುಬಿಡುತ್ತದೆ.