ಊರಿನ ಸಮಸ್ಯೆಯೇ ಸಂಶೋಧನೆಯಾಗಲಿ
ಕುರುಡುಮಲೆ ಇರುವ ಕೋಲಾರ ಸೀಮೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದನ್ನು ಅಗ್ಗದಲ್ಲಿ ಶುದ್ಧೀಕರಿಸುವ ಬಗೆಯನ್ನು ಅರಸುವುದು ಇಂಜಿನಿಯರಿಂಗ್ ವಿದ್ಯಾರ್ಥಿಗೆ ಯೋಗ್ಯವಾದ ಸಂಶೋಧನೆಯೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಹಣವೆಲ್ಲಿಂದ ಎಂಬ ಚಿಂತೆ ಸಹಜ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ಮಾರ್ಗದರ್ಶಕರ ನೆರವಿನಿಂದ ಕಾಲೇಜಿನ ಮೂಲಕ ಪ್ರಸ್ತಾವನೆ ಸಲ್ಲಿಸಬೇಕು. ತಜ್ಞರು ಪರಿಶೀಲಿಸಿ ಆಯ್ಕೆ ಮಾಡುತ್ತಾರೆ. ಉತ್ತಮವಾದವು ರಾಜ್ಯಮಟ್ಟದ ಪ್ರದರ್ಶನವನ್ನೂ ಕಾಣುತ್ತವೆ.

ದೊರೆಯುವ ಮೊತ್ತ ಕೆಲವೇ ಸಾವಿರ ರೂಪಾಯಿ. ಆದರೆ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟನ್ನು ಕೊಂಡು ತಂದವನಿಗೆ ಪದವಿ ಬಂದೀತು, ವಿದ್ಯೆ ಬಾರದು. ಆದುದರಿಂದ ವರ್ಷಾರಂಭದಲ್ಲೇ ಅಧ್ಯಾಪಕರನ್ನು ಕಾಣುವಂತೆ ತಂದೆತಾಯಿಗಳು ಮಕ್ಕಳಿಗೆ ತಿಳಿಹೇಳಬೇಕೆಂದು ಕೋರುತ್ತೇವೆ.